ಎರಡನೆಯ ಬಳಕೆದಾರ

ನಮ್ಮ ಆಫೀಸಿನಲ್ಲಿ ಫೋನಿನ ಪರದೆಯ ಅಂದಚಂದ ನೋಡಿಕೊಳ್ಳುವ ಮುಖ್ಯಸ್ಥನಿಗೆ ನಾನಿಟ್ಟ ಹೆಸರು ಬೋಳುಗೋಡೆ. ಎದುರಿಗೆ ಸರ್ ಅನ್ನುತ್ತೇನೆ, ಸಂಬಳ ಬೇಕಲ್ಲ. ಪರದೆಯ ಮೇಲೆ ಏನೇ ಕಂಡರೂ ಅವನಿಗೆ ಮೈಯೆಲ್ಲ ತುರಿಕೆ. ಗಡಿಯಾರ ಯಾಕೆ ಇಷ್ಟು ದೊಡ್ಡದು, ಅಕ್ಷರ ಯಾಕೆ ಇಷ್ಟು ದಪ್ಪ, ಈ ಗುಂಡಿ ಯಾಕೆ, ಆ ಗೆರೆ ಯಾಕೆ. ಅವನ ಕೈಗೇ ಬಿಟ್ಟರೆ ಫೋನನ್ನು ಬರೀ ಕನ್ನಡಿ ಮಾಡಿಬಿಡುತ್ತಾನೆ. ನೋಡಿಕೊಳ್ಳಲು ತನ್ನ ಮುಖವೊಂದಿದ್ದರೆ ಅವನಿಗೆ ಸಾಕು.

ನಾವು ಮಾಡುವುದು ಫೋನು, ಟ್ಯಾಬ್ಲೆಟ್ಟುಗಳ ಒಳಗೆ ಓಡುವ ಆಪರೇಟಿಂಗ್ ಸಿಸ್ಟಂ. ನಾನು ಟೆಸ್ಟರ್. ಬೇರೆಯವರು ಬರೆದ ಕೋಡ್ ಎಲ್ಲಿ ಕೈಕೊಡುತ್ತದೆ ಎಂದು ಹುಡುಕಿ ಹೇಳುವುದು, ಹೇಳಿ ಬೈಸಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲೊಂದು ನಿಯಮವಿದೆ. ಹೊಸ ಆವೃತ್ತಿ ಊರಿಗೆಲ್ಲ ಹೋಗುವ ಮೊದಲು ನಮ್ಮ ನಮ್ಮ ಮನೆಗೆ ಬರಬೇಕು, ನಾವು ಮಾಡಿದ್ದನ್ನು ಮೊದಲು ನಾವೇ ಅನುಭವಿಸಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ನಮ್ಮ ತಂಡದವರ ಮನೆಗಳಲ್ಲಿ ಗಂಡನಿಗೆ ಎರಡು ಫೋನು, ಹೆಂಡತಿಗೊಂದು, ಇನ್ನೂ ಹಲ್ಲು ಬಾರದ ಮಗುವಿಗೊಂದು. ಒಂದು ಸಾಧನವನ್ನು ಇಬ್ಬರು ಹಂಚಿಕೊಂಡು ಬಳಸುತ್ತಾರೆ ಎಂಬುದೇ ಇವರ ಕಲ್ಪನೆಗೆ ಬಂದದ್ದಿಲ್ಲ.

ನಮ್ಮ ಮನೆಯಲ್ಲಿ ಒಂದೇ ಟ್ಯಾಬ್ಲೆಟ್ಟು, ಇಬ್ಬರು ಬಳಕೆದಾರರು. ಮೊದಲನೆಯವಳು ಅಮ್ಮ. ಅವಳ ಪಾಲಿನಲ್ಲಿ ಹೊಲಿಗೆಯ ವಿಡಿಯೊಗಳು, ಚಿಕ್ಕಮ್ಮಂದಿರ ಜೊತೆಗಿನ ಮುಗಿಯದ ಹರಟೆ. ಎರಡನೆಯವರು ಅಪ್ಪ. ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ ಅವರು, ಪಾರ್ಶ್ವವಾಯು ಹೊಡೆದ ಮೇಲೆ ಬಲಗೈಯೂ ಹೋಯಿತು, ಮಾತೂ ಹೋಯಿತು. ಈಗ ಗಂಟಲಿನಿಂದ ಹೊರಡುವುದು "ಆಂ" ಒಂದೇ. ಹೌದು ಅನ್ನುವುದಕ್ಕೂ ಅದೇ, ಬೇಡ ಅನ್ನುವುದಕ್ಕೂ ಅದೇ.

ಟ್ಯಾಬ್ಲೆಟ್ಟಿನ ಪರದೆಯ ಮೂಲೆಯಲ್ಲಿ ಅಪ್ಪನ ಮುಖದ ಪುಟ್ಟ ವೃತ್ತವಿತ್ತು. ಎಡಗೈ ಬೆರಳಿಂದ ಅದನ್ನು ಮುಟ್ಟಿದರೆ ಅವರದೇ ಜಾಗ ತೆರೆದುಕೊಳ್ಳುತ್ತಿತ್ತು, ದಪ್ಪ ದಪ್ಪ ಚಿತ್ರಗಳ ಒಂದು ಹಲಗೆ. ಲೋಟ ಒತ್ತಿದರೆ "ನೀರು" ಎಂದು ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಕೂಗುತ್ತಿತ್ತು. ಯಾವ ಚಿತ್ರ ಬೇಕು, ಯಾವ ಮಾತು ಬೇಕು ಎಂದು ಹಠ ಹಿಡಿದು ಆರಿಸಿದವರು ಅಪ್ಪನೇ. "ಟಿವಿ ಸದ್ದು ಕಮ್ಮಿ ಮಾಡು" ಇತ್ತು. "ನಿನ್ನ ಚಿಕ್ಕಪ್ಪ ಬಂದ್ರೆ ನಾನು ಮಲಗಿದೀನಿ ಅನ್ನು" ಕೂಡ ಇತ್ತು. ಅದನ್ನು ಚಿಕ್ಕಪ್ಪನ ಎದುರಿಗೇ ಒತ್ತಿ ಒಮ್ಮೆ ದೊಡ್ಡ ರಾದ್ಧಾಂತವಾಗಿತ್ತು.

ಆ ವೃತ್ತದ ಮೇಲೆ ಬೋಳುಗೋಡೆಯ ಕಣ್ಣು ಬಿತ್ತು.

"ಇದೇನಿದು ಮೂಲೇಲಿ? ಮುಖಕ್ಕೆ ಮೊಡವೆ ಎದ್ದಂಗಿದೆ," ಎಂದ ಸಭೆಯಲ್ಲಿ.

"ಬಳಕೆದಾರರನ್ನ ಬದಲಾಯಿಸೋಕೆ ಸರ್. ಒಂದೇ ಟ್ಯಾಬ್ಲೆಟ್ಟನ್ನ ಮನೆಯವರೆಲ್ಲ ಬಳಸ್ತಾರಲ್ಲ," ಎಂದೆ.

"ಯಾರು ಮೇಡಂ ಈ ಕಾಲದಲ್ಲಿ ಹಂಚ್ಕೊಳ್ಳೋರು? ಇದು ಹಲ್ಲುಜ್ಜೋ ಬ್ರಷ್ ಇದ್ದಂಗೆ. ಅವರವರದು ಅವರವರಿಗೆ."

"ನಮ್ಮ ತಂದೆಗೆ ಮಾತು ಬರಲ್ಲ ಸರ್. ಅವರು ಮಾತಾಡೋದೇ ಅದರಿಂದ."

"ಪಾಪ," ಎಂದ. ಅವನ ಕರುಣೆ ಆ ಎರಡಕ್ಷರಕ್ಕೇ ಮುಗಿಯಿತು. "ಆದ್ರೆ ನಿಮ್ಮ ಒಂದು ಮನೆಗೋಸ್ಕರ ಎಲ್ಲರ ಪರದೆ ಕೆಡಿಸೋಕಾಗುತ್ತಾ?"

ಕೋಡ್ ಬರೆಯುವ ಹೊಣೆ ಹೂಂಗುಟ್ಟಪ್ಪನ ಹೆಗಲಿಗೆ ಬಿತ್ತು. ಬೋಳುಗೋಡೆ ಸೀನಿದರೂ ಹೂಂ ಅನ್ನುವ ಪ್ರಾಣಿ ಅದು. ವೃತ್ತ ಮಂಗಮಾಯವಾಯಿತು. ಅದರ ಬದಲು, ಪರದೆಯ ಮೇಲಂಚನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಿಡದೆ ಕೆಳಗೆಳೆದರೆ ಬಳಕೆದಾರರ ಹೆಸರುಗಳು ಇಣುಕುತ್ತವಂತೆ. ಹಾಗೆಂದು ಎಲ್ಲೂ ಬರೆದಿಲ್ಲ, ಬರೆದರೆ ಗೋಡೆ ಕೆಡುತ್ತದಲ್ಲ. ತಪ್ಪನ್ನು ತಾನಾಗಿ ಹಿಡಿಯಲೆಂದು ನಾನು ಬರೆದಿಟ್ಟಿದ್ದ ಪರೀಕ್ಷೆ ಕೂಡಲೇ ಕೆಂಪು ಗುರುತು ತೋರಿಸಿತು: ಎರಡನೆಯ ಬಳಕೆದಾರ ಸಿಗುತ್ತಿಲ್ಲ. ಹೂಂಗುಟ್ಟಪ್ಪ ಏನು ಮಾಡಿದ? ಪರೀಕ್ಷೆಯನ್ನೇ ಅಳಿಸಿದ. ಜ್ವರ ತೋರಿಸಿತೆಂದು ಥರ್ಮಾಮೀಟರನ್ನೇ ಒಡೆದು ಹಾಕಿದ ಹಾಗೆ.

ಯಾವ ಬದಲಾವಣೆಯೇ ಆದರೂ ಇಬ್ಬರು ಓದಿ ಒಪ್ಪಬೇಕೆಂಬ ಕಟ್ಟಳೆ ಇದೆ. ಒಬ್ಬ ಲಿಫ್ಟಿನಲ್ಲಿ ನಿಂತು, ಇನ್ನೊಬ್ಬನ ಕ್ರಿಕೆಟ್ ಜ್ಞಾನವನ್ನು ಹೀಗಳೆಯುತ್ತಲೇ, ಹೆಬ್ಬೆರಳಲ್ಲಿ ಒಪ್ಪಿಗೆ ಒತ್ತಿದ. ನಾನು ಪಕ್ಕದಲ್ಲೇ ಇದ್ದೆ. ಆ ಇನ್ನೊಬ್ಬನೇ ಎರಡನೆಯ ಒಪ್ಪಿಗೆಯವನು. "ಒಂದೇ ಕೈ ಇರುವವರು ಏನು ಮಾಡಬೇಕು?" ಎಂದು ನಾನು ಬರೆದ ಆಕ್ಷೇಪಕ್ಕೆ ಹೂಂಗುಟ್ಟಪ್ಪ ಒಂದು ಹಳದಿ ಹೆಬ್ಬೆಟ್ಟಿನ ಚಿತ್ರ ಅಂಟಿಸಿ, ಆಕ್ಷೇಪ ಮುಗಿಯಿತು ಎಂದು ಮುಚ್ಚಿದ.

ಮನೆಯಲ್ಲಿ ಅಪ್ಪ ಮೂಲೆಯನ್ನು ಮುಟ್ಟಿದರು, ಮುಟ್ಟಿದರು, ಏನೂ ಆಗಲಿಲ್ಲ. ಎಡಗೈಯ ಎರಡು ಬೆರಳು ಕೂಡಿಸಿ ಎಳೆಯಲು ಹೋದರೆ ಟ್ಯಾಬ್ಲೆಟ್ಟೇ ಮಡಿಲಿನಿಂದ ಜಾರುತ್ತಿತ್ತು. ಹಿಡಿದುಕೊಳ್ಳಲು ಇನ್ನೊಂದು ಕೈ ಎಲ್ಲಿಂದ ತರುವುದು? ಆಫೀಸಿಗೆ ಹೊರಡುವ ಮೊದಲು ನಾನೇ ತೆರೆದಿಟ್ಟು ಹೋಗುತ್ತಿದ್ದೆ. ಪರದೆ ಒಮ್ಮೆ ಆರಿತೋ, ಮತ್ತೆ ಅಮ್ಮನ ಹೊಲಿಗೆ ವಿಡಿಯೊ. ಅಮ್ಮ ಕನ್ನಡಕ ಏರಿಸಿ ಪ್ರಯತ್ನಪಟ್ಟು, "ನಿಮ್ಮ ಆಫೀಸಿನೋರಿಗೆ ಮನೆ ಮಠ ಇಲ್ವೇನೆ?" ಎಂದು ನನ್ನನ್ನೇ ಬೈದಳು.

ಅಷ್ಟರಲ್ಲಿ ಬೋಳುಗೋಡೆ ಒಂದು ಗ್ರಾಫ್ ಹಿಡಿದುಕೊಂಡು ಬಂದ. ಬಳಕೆದಾರರನ್ನು ಬದಲಿಸುವವರ ಗೆರೆ ನೆಲಕಚ್ಚಿತ್ತು. "ನೋಡಿ, ಯಾರೂ ಬಳಸ್ತಿಲ್ಲ. ನಾನು ಹೇಳಿರ್ಲಿಲ್ವಾ?" ಎಂದು ಹಲ್ಲು ಕಿರಿದ. ಬಾಗಿಲಿಗೆ ಗಾರೆ ಬಳಿದು, ಈ ಬಾಗಿಲಿಂದ ಯಾರೂ ಬರುತ್ತಿಲ್ಲ ನೋಡಿ ಎಂದು ಅಳೆದು ತೋರಿಸುವ ಬುದ್ಧಿವಂತನಿಗೆ ಇಡೀ ಸಭೆ ತಲೆದೂಗಿತು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಮುಂದಿನ ಆವೃತ್ತಿಯಲ್ಲಿ ಎರಡನೆಯ ಬಳಕೆದಾರ ಎಂಬ ಏರ್ಪಾಡಿಗೇ ಎಳ್ಳುನೀರು ಬಿಟ್ಟರು. ನಿಯಮದಂತೆ ಅದೂ ನಮ್ಮ ಮನೆಗೆ ಬಂತು.

"ಹಳೇದೆಲ್ಲ ಎಲ್ಲೂ ಹೋಗಿಲ್ಲ ಮೇಡಂ, ಒಳಗೆ ಭದ್ರವಾಗಿದೆ," ಎಂದ ಹೂಂಗುಟ್ಟಪ್ಪ.

"ತೆಗೆಯೋದು ಹೇಗೆ?"

"ಅದಾಗಲ್ಲ."

ಹೂತಿಟ್ಟದ್ದೂ ಭದ್ರವಾಗಿಯೇ ಇರುತ್ತದೆ. ಹಳೆಯ ಆವೃತ್ತಿಗೆ ಮರಳಿದರೆ ಟ್ಯಾಬ್ಲೆಟ್ಟು ಪೂರ್ತಿ ಒರೆಸಿಹೋಗುತ್ತದೆ, ಅಪ್ಪ ಒಂದೊಂದಾಗಿ ಆರಿಸಿದ ಮಾತುಗಳೆಲ್ಲ ಹೋಗುತ್ತವೆ. ಅದಕ್ಕೆ ನನಗೆ ಮನಸ್ಸು ಬರಲಿಲ್ಲ. ಒಂದು ರಟ್ಟಿನ ಮೇಲೆ ದಪ್ಪಗೆ ಬರೆದುಕೊಟ್ಟೆ: ನೀರು, ಊಟ, ನೋವು, ನಿದ್ದೆ, ಬಚ್ಚಲು. ಮಲಗಿರುವ ಮನುಷ್ಯನಿಗೆ ಇನ್ನೇನು ಬೇಕು ಅಂದುಕೊಂಡೆ. ಅಪ್ಪ ರಟ್ಟನ್ನು ನೋಡಿದರು, ನನ್ನನ್ನು ನೋಡಿದರು, ರಟ್ಟನ್ನು ನೆಲಕ್ಕೆ ತಳ್ಳಿದರು. ನಾನು ಎತ್ತಿ ಒರೆಸಿ ಮತ್ತೆ ಪಕ್ಕದಲ್ಲಿಟ್ಟೆ.

ಚಳಿಗಾಲ ಕಾಲಿಡುತ್ತಿತ್ತು. ಗಾಳಿ ಬೆಳಕು ಚೆನ್ನಾಗಿರಲಿ ಎಂದು ಅಪ್ಪನ ಮಂಚವನ್ನು ನಾನೇ ಕಿಟಕಿಗೆ ತಾಗಿಸಿ ಹಾಕಿಸಿದ್ದೆ. ಅಪ್ಪ ಎಡಗೈ ಎತ್ತಿ ತಲೆಯ ಹಿಂದೆ ಕಿಟಕಿಯತ್ತ ತೋರಿಸಿ "ಆಂ" ಎನ್ನುತ್ತಿದ್ದರು.

"ಪಾಪ, ಹೊರಗೆ ನೋಡ್ಬೇಕು ಅಂತ ಆಸೆ," ಎಂದು ಅಮ್ಮ ಕಿಟಕಿ ಇನ್ನಷ್ಟು ತೆಗೆದಳು.

"ಆಂ, ಆಂ!"

"ಪರದೇನೂ ಸರಿಸ್ಬೇಕಾ? ತಗೊಳ್ಳಿ, ಸರಿಸ್ದೆ."

ಅಪ್ಪನ ಕಣ್ಣಲ್ಲಿ ನೀರು ಬಂತು. ಬೀದಿ ಕಂಡು ಹಳೆಯದೆಲ್ಲ ನೆನಪಾಗಿರಬೇಕು ಎಂದು ನಾವಿಬ್ಬರೂ ಮರುಗಿದೆವು. ಆಮೇಲಾಮೇಲೆ ಅವರು ಕೈ ಎತ್ತುವುದನ್ನೇ ಬಿಟ್ಟರು. "ಈಗ ಸಮಾಧಾನವಾಗಿದಾರೆ," ಎಂದೆ ನಾನು.

ಇತ್ತ ಆಫೀಸಿನಲ್ಲಿ ಒಂದು ತಮಾಷೆ ನಡೆಯಿತು. ಹೊಸ ಆವೃತ್ತಿ ಮನೆಗೆ ಬರಬೇಕೆಂಬ ನಿಯಮ ನಮ್ಮ ದೊಡ್ಡ ಸಾಹೇಬರಿಗೂ ಅನ್ವಯಿಸುತ್ತದೆ. ಇಷ್ಟು ದಿನ ಅವರು ಅದನ್ನು ಗಾಳಿಗೆ ತೂರಿದ್ದರು. ಯಾರೋ ನೆನಪಿಸಿದರೆಂದು ಹಾಕಿಕೊಂಡರು. ಮರುದಿನ ಸಭೆಗೆ ಬಂದಾಗ ಅವರ ಸಿಟ್ಟು ನೆತ್ತಿಗೇರಿತ್ತು.

"ನನ್ನ ಟ್ಯಾಬ್ಲೆಟ್ಟಲ್ಲಿ ನಾನೇ ಇಲ್ಲ! ಬರೀ ನನ್ನ ಹೆಂಡ್ತಿ ಇದಾಳೆ!"

ಬೋಳುಗೋಡೆ ಹೂಂಗುಟ್ಟಪ್ಪನ ಕಡೆ ತಿರುಗಿದ. ಹೂಂಗುಟ್ಟಪ್ಪನೇ ಮೆಲ್ಲಗೆ ಕೇಳಿದ: "ಸರ್, ಡಬ್ಬಿ ಬಿಚ್ಚಿ ಮೊದಲು ಆನ್ ಮಾಡಿದ್ದು ಯಾರು?"

"ಅವಳೇ."

"ಹಾಗಾದ್ರೆ ಅವರು ಮೊದಲನೆಯವರು ಸರ್. ತಾವು... ಎರಡನೆಯವರು."

ನನಗೆ ನಗು ತಡೆಯಲಾಗದೆ ನೀರಿನ ಬಾಟಲಿ ಬಾಯಿಗಿಟ್ಟುಕೊಂಡೆ. ಇಷ್ಟು ದೊಡ್ಡ ಕಂಪನಿಯ ಒಡೆಯ ತನ್ನ ಮನೆಯಲ್ಲಿ ಎರಡನೆಯವನು ಎಂಬ ಸತ್ಯವನ್ನು ಹೂಂಗುಟ್ಟಪ್ಪನ ಬಾಯಿಂದ ಕೇಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಆದರೆ ಬೋಳುಗೋಡೆ ಸಾಮಾನ್ಯನಲ್ಲ. ಕುರ್ಚಿಯಲ್ಲಿ ನೆಟ್ಟಗಾಗಿ, "ಅದನ್ನೇ ಸರ್ ನಾನು ಮೊದಲಿಂದ ಹೇಳ್ತಿರೋದು. ನಮ್ಮ ಬಳಕೆದಾರ ಒಬ್ಬ ವ್ಯಕ್ತಿ ಅಲ್ಲ, ಒಂದು ಕುಟುಂಬ," ಎಂದ. ಎಲ್ಲರೂ ಮೇಜು ತಟ್ಟಿದರು. ನಾನು ಗೋಗರೆದಾಗ ಒಂದು ಮನೆಯ ಗೋಳು, ಸಾಹೇಬರು ಗುಡುಗಿದಾಗ ಕುಟುಂಬ. ನಾಚಿಕೆ ಅನ್ನುವುದು ಈ ಜನಕ್ಕೆ ಯಾವ ಆವೃತ್ತಿಯಲ್ಲಿ ಬರುತ್ತದೋ.

ಬದಲಾವಣೆಯನ್ನು ಹಿಂದಕ್ಕೆ ಪಡೆಯುವುದು ಹೂಂಗುಟ್ಟಪ್ಪನಿಗೆ ಚಹಾ ಆರುವಷ್ಟರ ಕೆಲಸ. ಬೋಳುಗೋಡೆ ವೃತ್ತವನ್ನು ಮೂಲೆ ಸವೆದ ಚೌಕವಾಗಿಸಿ, ಹೊಸ ಸೌಲಭ್ಯ ಎಂದು ತುತ್ತೂರಿ ಊದಿಸಿದ. ಸಾಹೇಬರು ಅವನ ಬೆನ್ನು ತಟ್ಟಿದರು. ಊದಿಕೊಳ್ಳಲಿ, ನನಗೇನು! ಅಂದು ನಾನು ಮನೆಗೆ ಓಡಿದೆ.

ಹೊಸ ಆವೃತ್ತಿ ಹಾಕಿ ಟ್ಯಾಬ್ಲೆಟ್ಟನ್ನು ಅಪ್ಪನ ಮಡಿಲಿಗಿಟ್ಟೆ. ಮೂಲೆಯಲ್ಲಿ ಅವರ ಮುಖ ಮರಳಿತ್ತು. ಮುಟ್ಟಿದರು. ಚಿತ್ರಗಳೆಲ್ಲ ಇದ್ದಲ್ಲೇ ಇದ್ದವು. ಅಮ್ಮ ಕಣ್ಣೊರೆಸಿಕೊಂಡು, "ಏನಾದ್ರೂ ಮಾತಾಡ್ರೀ," ಎಂದಳು. ಚಿಕ್ಕಪ್ಪನನ್ನು ಬೈಯುವರೇನೋ ಎಂದು ನಾನು ನಗುತ್ತ ಕಾದೆ. ಅಪ್ಪನ ಬೆರಳು ಹುಡುಕುತ್ತ ಹೋಗಿ ಒಂದು ಚಿತ್ರದ ಮೇಲೆ ನಿಂತಿತು.

"ಕಿಟಕಿ," ಎಂದಿತು ಟ್ಯಾಬ್ಲೆಟ್ಟು. ಬೆರಳು ಪಕ್ಕಕ್ಕೆ ಸರಿಯಿತು. "ಮುಚ್ಚು."

ಅಮ್ಮನ ಕೈ ಬಾಯಿಗೆ ಹೋಯಿತು. ಅಪ್ಪ ಮತ್ತೆ ಒತ್ತಿದರು. ಹರಾಜಿನಲ್ಲಿ ಕೂಗುತ್ತಿದ್ದ ಹಾಗೆ ಮೂರು ಸಾರಿ.

"ಕಿಟಕಿ ಮುಚ್ಚು. ಕಿಟಕಿ ಮುಚ್ಚು. ಕಿಟಕಿ ಮುಚ್ಚು."

ಎದ್ದು ಮುಚ್ಚಿದೆ. ಅವರ ಕುತ್ತಿಗೆ ಮುಟ್ಟಿ ನೋಡಿದರೆ ತಣ್ಣಗೆ ಕೊರೆಯುತ್ತಿತ್ತು. ದಿಂಬಿನ ಆ ಬದಿಯೂ ತಣ್ಣಗಿತ್ತು. ನಾನು ಬರೆದುಕೊಟ್ಟ ರಟ್ಟು ಇನ್ನೂ ಅಲ್ಲೇ ಪಕ್ಕದಲ್ಲಿತ್ತು: ನೀರು, ಊಟ, ನೋವು, ನಿದ್ದೆ, ಬಚ್ಚಲು. ಕಿಟಕಿ ಇರಲಿಲ್ಲ. ಮುಚ್ಚು ಇರಲಿಲ್ಲ. ಬೇಡ ಎಂಬುದೂ ಇರಲಿಲ್ಲ. ಇಷ್ಟು ದಿನ ಬೋಳುಗೋಡೆಯನ್ನು ಬಾಯ್ತುಂಬ ಬೈದ ನಾನು ಆ ರಟ್ಟನ್ನು ಎತ್ತಿ ಮಗುಚಿಟ್ಟೆ.

ಅಪ್ಪ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಟ್ಯಾಬ್ಲೆಟ್ಟಿಗೆ ಬೆರಳಿಟ್ಟು, "ನೀರು," ಎಂದರು. ನಾನು ತರಲು ಹೋದೆ.