ಮೊದಲು ಕಂಡವರದು

ಹಳದಿ, ಹಳಸಿದ ಬೆಣ್ಣೆಯಂಥ ಹಳದಿ, ಅದೋ ಆ ಹಿಮದ ದಿಬ್ಬದ ಪಕ್ಕ — ಇಲ್ಲ, ಬರಿಯ ಬಿಸಿಲು, ದೊರ್ತೆಯಾ ದುರ್ಬೀನು ಇಳಿಸಿ ಕಣ್ಣೊರೆಸಿಕೊಂಡಳು, ಹಡಗಿನ ಮೂತಿ ಹೆಪ್ಪುಗಟ್ಟಿದ ಕಡಲನ್ನು ಒಡೆದಾಗಲೆಲ್ಲ ಅಂಗಾಲಿನಿಂದ ಹಲ್ಲಿನವರೆಗೆ ಗಡಗಡ, ಹುಟ್ಟಿದೂರಿನ ಹಿಮ ಇದು, ನಾಯಿಬಂಡಿ ಓಡುವ ದಾರಿ, ಅದನ್ನೇ ಸೀಳುವ ಹಡಗಿನಲ್ಲಿ ಅವಳಿಗೆ ಕೆಲಸ, ಪ್ರವಾಸಿಗಳಿಗೆ ಕರಡಿ ತೋರಿಸುವ ಕೆಲಸ, ಊರಲ್ಲಿ ಯಾರೂ ಎದುರಿಗೆ ಏನೂ ಅನ್ನಲಿಲ್ಲ, ಅನ್ನದಿದ್ದದ್ದೇ ಚುಚ್ಚಿತು, ಅಂದವನು ಅಣ್ಣ ಎಸಾಯಸ್ ಒಬ್ಬನೇ, ಹೋಗ್ ಹೋಗು, ನಿನ್ ಬಾಯಿಗಾದ್ರೂ ಸಂಬಳ ಸಿಗ್ಲಿ, ಸೀಲ್ ಮಾಂಸ ದವಡೆಯಲ್ಲಿಟ್ಟುಕೊಂಡೇ ನಕ್ಕ, ಆದ್ರೆ ನಾನು ಬೇಟೇಲಿದ್ದಾಗ ಕೂಗ್ಬೇಡ ಕಣೇ, ಒಂದು ಕರಡಿ ಕಳ್ಕೊಂಡಿದ್ದು ಸಾಕು.

ಆ ಕರಡಿ — ಆಗ ಅವಳಿನ್ನೂ ಅಪ್ಪನ ಬಂಡಿಯಲ್ಲಿ ಮೂಟೆಯ ಹಾಗೆ ಸುತ್ತಿಟ್ಟ ಹುಡುಗಿ, ಬಿಳೀಲಿ ಬಿಳಿ ಹುಡುಕ್ಬೇಡ ಮಗಳೇ, ಹಳದಿ ಹುಡುಕು, ಹಳದಿಯೊಳಗೆ ಕಪ್ಪು ಚುಕ್ಕೆ ಅಲ್ಲಾಡಿದ್ರೆ ಅದು ಮೂಗು, ಅಪ್ಪ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಕಪ್ಪು ಚುಕ್ಕೆ ಅಲ್ಲಾಡಿತು, ನಾ ಕಂಡೆ! ಎಂದು ಅವಳು ಕೂಗಿದಳು, ಎಸಾಯಸ್ ಅಟ್ಟಿಸಿಕೊಂಡು ಹೋಗಿ ಹೊಡೆದ, ಅವನ ಕೈಯ ಮೊದಲ ಕರಡಿ, ಆದರೆ ಅವನದಲ್ಲ, ಅವರಲ್ಲಿ ಕರಡಿ ಹೊಡೆದವರದಲ್ಲ, ಮೊದಲು ಕಂಡವರದು, ಮಾಂಸ ಊರಿಗೆಲ್ಲ, ತೊಗಲು ಕಂಡವರಿಗೆ, ಅಣ್ಣ ತೊಗಲು ಸುಲಿದು ಅವಳ ಕಾಲ ಬಳಿ ಹಾಕಿ ಎರಡೂ ಕೈ ಮೇಲೆತ್ತಿದ, ತಗೋ, ನಿಂದೇ, ಆ ತೊಗಲಿನ ಚಲ್ಲಣದ ಬಿಸುಪು ಅವಳ ತೊಡೆಗೆ ಈಗಲೂ ನೆನಪಿದೆ.

ಏನಮ್ಮಾ ದೊರ್ತೆಯಾ, ಹಿಂದಿನಿಂದ ಕ್ಯಾಪ್ಟನ್ ಹೊಲ್ಗರ್, ಬೆಳಿಗ್ಗೆಯಿಂದ ನಾಲ್ಕು ಸೀಲು, ಒಂದು ವಾಲ್ರಸ್ಸು, ಅದೂ ಗೊರಕೆ ಹೊಡೀತಿತ್ತು, ಜನ ನನ್ ತಲೆ ತಿಂತಿದ್ದಾರೆ, ಈ ಕಡೆ ನಿಮ್ಮೂರ ಬೇಟೆಯವ್ರು ಯಾರೂ ಇಲ್ಲ ತಾನೆ, ಇಲ್ಲ, ಎಲ್ಲ ಉತ್ತರದ ದಡದಲ್ಲಿದ್ದಾರೆ, ಅಂದಳು ಅವಳು, ಎಸಾಯಸ್ ಹೊರಡುವಾಗ ಹಾಗೇ ಹೇಳಿದ್ದ, ಮೇಲೆ ಬಿಳಿ ಕಡಲಹಕ್ಕಿಗಳು ಸುತ್ತುತ್ತಿವೆ, ಕರಡಿ ತಿಂದುಳಿದದ್ದನ್ನು ತಿನ್ನುವ ಹಕ್ಕಿಗಳು, ಸದ್ದೇ ಮಾಡದೆ — ಹಳದಿ, ಈ ಸಲ ಬಿಸಿಲಲ್ಲ, ಹಳದಿಯೊಳಗೆ ಕಪ್ಪು ಚುಕ್ಕೆ, ಮನಸ್ಸಿಗಿಂತ ಮೊದಲು ಬಾಯಿ, ನಾ ಕಂಡೆ!, ಕ್ಯಾಮೆರಾಗಳು ಓಡಿ ಬಂದವು, ಎಲ್ರೀ, ಎಲ್ಲಿ, ಅಯ್ಯೋ ನಂಗೊಂದು ಚೂರು ಜಾಗ ಬಿಡಿ, ಹಡಗು ದಿಕ್ಕು ತಿರುಗಿ, ದಡಕ್ಕೆ ಕಚ್ಚಿಕೊಂಡಿದ್ದ ಬಿರುಕಿಲ್ಲದ ಹಿಮಕ್ಕೇ ಮೂತಿ ತೂರಿಸಿತು, ಕರಡಿ ಓಡುತ್ತಿದೆ, ಆದರೆ ಹಡಗಿನ ಕಡೆಗೇ ಓಡುತ್ತಿದೆ, ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದೆ — ಎದುರಿಗೆ ಇಷ್ಟು ದೊಡ್ಡ ಹಡಗಿರುವಾಗ ಅದಕ್ಕೆ ಹಿಂದೆ ಯಾರ ಭಯ?

ದುರ್ಬೀನು ತಾನಾಗಿಯೇ ಕರಡಿಯನ್ನು ದಾಟಿ ಹೋಯಿತು, ಅಲ್ಲೊಂದು ಕಪ್ಪು ಚುಕ್ಕೆ, ಅದರ ಮುಂದೆ ಬೀಸಣಿಗೆಯ ಹಾಗೆ ಹರಡಿದ ಸಣ್ಣ ಚುಕ್ಕೆಗಳು, ನಾಯಿಗಳು, ಅಣ್ಣನ ಬಂಡಿ, ಉತ್ತರದ ದಡ ಅಂದಿದ್ದ, ಆದರೆ ಬೇಟೆಗಾರ ಹೇಳಿದ ಕಡೆ ಹೋಗುತ್ತಾನೆಯೇ, ಕರಡಿಯ ಹೆಜ್ಜೆ ಕರೆದ ಕಡೆ ಹೋಗುತ್ತಾನೆ, ಬೇಟೆಗಾರನ ಮಗಳಿಗೆ ಇದು ಗೊತ್ತಿರಲಿಲ್ಲವೇ, ನಿಲ್ಸಿ, ಕ್ಯಾಪ್ಟನ್, ಹಡಗು ನಿಲ್ಸಿ, ಅಣ್ಣ ಅಲ್ಲಿದ್ದಾನೆ!, ಹೊಲ್ಗರ್ ಎಂಜಿನ್ನಿನ ಹಿಡಿ ಎಳೆದ, ಗಡಗಡ ನಿಂತಿತು, ಹಡಗು ನಿಂತಿತು, ಆದರೆ ಅದರ ಮೂತಿಯಿಂದ ಹೊರಟ ಬಿರುಕು ನಿಲ್ಲಲಿಲ್ಲ, ಮೊದಲು ಕೂದಲೆಳೆಯಷ್ಟು, ಆಮೇಲೆ ಹಗ್ಗದಷ್ಟು, ಬಳಸಿಕೊಂಡು ಹೋಗಿ ಅಣ್ಣನ ಬೆನ್ನ ಹಿಂದೆ, ಅಣ್ಣನಿಗೂ ದಡಕ್ಕೂ ನಡುವೆ, ಅವನು ಅದನ್ನು ನೋಡಿಲ್ಲ, ಹಡಗಿನ ಕಡೆ ಮುಖ ಮಾಡಿ ನಿಂತಿದ್ದಾನೆ, ನಾಯಿಗಳನ್ನು ನಿಲ್ಲಿಸಿ ಎರಡೂ ಕೈ ಮೇಲೆತ್ತಿದ್ದಾನೆ, ತಗೋ, ನಿಂದೇ, ಹಿಂದೆ ನೋಡೋ ಅಣ್ಣಾ, ಹಿಂದೆ, ಗಾಳಿ ಅವಳ ಕೂಗನ್ನು ಅವಳ ಬಾಯಿಗೇ ತುರುಕುತ್ತಿದೆ, ಹಡಗಿನಲ್ಲಿ ಎಲ್ಲರೂ ಇನ್ನೂ ಕರಡಿಯನ್ನೇ ನೋಡುತ್ತಿದ್ದಾರೆ, ಹಿಮದ ಮೇಲಿನ ಆ ಕಪ್ಪು ಗೆರೆಯನ್ನು ಮೊದಲು ಕಂಡವಳು ಅವಳೇ, ಅವಳದೇ, ಗೆರೆ ಈಗ ಹೊಳೆಯಷ್ಟು ಅಗಲ, ಅದರ ಈಚೆ, ದಡದಿಂದ ಕಳಚಿ ತೇಲುವ ಹಿಮದ ಮೇಲೆ, ಕೈಯೆತ್ತಿ ನಿಂತ ಕಪ್ಪು ಚುಕ್ಕೆ, ಕಪ್ಪು ಚುಕ್ಕೆ —