ಜೂಟರ್‌ಮೀರ್‌ನ ಸೋರೆಬಳ್ಳಿಗೆ ಗಂಡು ಹುಡುಕಿದ್ದು

ಗದಗಿನ ಶಿವಪ್ರಸಾದನಿಗೆ ಗಿಡ ನೆಡುವ ಹುಚ್ಚು ಹತ್ತಿದ್ದು ನೆದರ್ಲೆಂಡ್ಸ್‌ಗೆ ಬಂದ ಮೇಲೆ. ಅಪ್ಪನದು ಬಟ್ಟೆ ಅಂಗಡಿ. ಊರಲ್ಲಿದ್ದಾಗ ಅವನು ತುಳಸಿಗೆ ಒಂದು ತಂಬಿಗೆ ನೀರು ಹಾಕಿದವನಲ್ಲ. ಈಗ ದ ಹೇಗ್‌ನ ಒಂದು ಕಂಪನಿಯಲ್ಲಿ, ಸಮುದ್ರದ ಒಡ್ಡುಗಳು ಎಲ್ಲಿ ಒಸರುತ್ತಿವೆ ಎಂದು ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಮನೆ ಪಕ್ಕದ ಜೂಟರ್‌ಮೀರ್‌ನಲ್ಲಿ. ಆ ಊರಿನ ಅಂಚಿಗೆ, ತರಕಾರಿ ಬೆಳೆಯುವ ಆಸೆ ಇದ್ದವರಿಗೆ ಬಾಡಿಗೆಗೆ ಕೊಡುವ ಅಂಗೈಯಗಲದ ಜಮೀನುಗಳಿವೆ. ವರ್ಷಗಟ್ಟಲೆ ಸರದಿ ಕಾದು ಅವನೂ ಒಂದು ತುಂಡು ಗಿಟ್ಟಿಸಿಕೊಂಡ. ಅಕ್ಕಪಕ್ಕದವರು ಆಲೂಗಡ್ಡೆ, ಈರುಳ್ಳಿ, ಚಳಿ ಬಿದ್ದಷ್ಟೂ ಸಿಹಿಯಾಗುವ ಕೇಲ್ ಸೊಪ್ಪು ಹಾಕಿದರು. ಶಿವಪ್ರಸಾದ ಸೋರೆ ಬೀಜ ಹಾಕಿದ.

ಆ ಬೇಸಿಗೆಯಲ್ಲಿ ಮೋಡವೇ ಹೆಚ್ಚು. ಬಳ್ಳಿ ಮೇಲೇಳಲೋ ಬೇಡವೋ ಎನ್ನುತ್ತ ಅಕ್ಟೋಬರ್ ಹೊತ್ತಿಗೆ ಮೊಣಕಾಲೆತ್ತರಕ್ಕೆ ಬಂತು. ಹಿಮ ಬೀಳುವ ಸೂಚನೆ ಬಂದ ದಿನ, ಪಕ್ಕದ ತುಂಡಿನ, ಕೇಸ್ ಎಂಬ ಡಚ್ ಮುದುಕ ತನ್ನ ಸಲಿಕೆಯ ಮೇಲೆ ಗದ್ದವಿಟ್ಟು, "ಸಾಯಲಿ ಬಿಡು, ಗೊಬ್ಬರವಾಗುತ್ತೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಮಾತು ಶಿವಪ್ರಸಾದನ ಎದೆಗೆ ನಾಟಿತು. ಬಳ್ಳಿಯನ್ನು ಬೇರಿನ ಮಣ್ಣು ಸಮೇತ ಅಗೆದು, ಗಾರೆ ಕಲಸುವ ಬಾನಿಗೆ ಇಳಿಸಿ, ತನ್ನ ಜಾಕೆಟ್ ಬಿಚ್ಚಿ ಅದಕ್ಕೆ ಹೊದಿಸಿ, ತಾನು ನಡುಗುತ್ತ ಸೈಕಲ್ ಮೇಲೆ ಮನೆಗೆ ತಂದ.

ಮನೆಯಲ್ಲಿ ಬಿಸಿಲಿನ ಜಾಗ ಎಂದರೆ ಅಟ್ಟದ ಕೋಣೆ. ಅದು ಅವನ ಹೆಂಡತಿ ವೈಷ್ಣವಿ ಕೂತು ಆಫೀಸಿನ ಕೆಲಸ ಮಾಡುವ ಕೋಣೆ. ಮೈಸೂರಿನ ವೈಷ್ಣವಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು, ಸಹನೆಯಲ್ಲಿ ಭೂಮಿತಾಯಿ. "ಒಂದು ವಾರ ಅಷ್ಟೇ ತಾನೇ?" ಎಂದಳು. ವಾರದೊಳಗೆ ಶಿವಪ್ರಸಾದ ಗಿಡಗಳಿಗೆಂದೇ ಇರುವ ನೇರಳೆ ದೀಪಗಳನ್ನು ತಂದು ತೂಗುಹಾಕಿದ. ಹೀಟರನ್ನು ಗದಗಿನ ಏಪ್ರಿಲ್‌ಗೆ ತಿರುಗಿಸಿದ. ಬಳ್ಳಿಗೆ ಜೀವ ಬಂತು. ದಾರ ಹಿಡಿದು ಹತ್ತಿತು, ಪುಸ್ತಕದ ಕಪಾಟು ಬಳಸಿತು, ವೈಷ್ಣವಿಯ ಕುರ್ಚಿಯ ಬೆನ್ನಿಗೆ ಕುಡಿ ಸುತ್ತಿತು. ವಿಡಿಯೋ ಮೀಟಿಂಗಿನಲ್ಲಿ ಅವಳ ಮುಖ ಕತ್ತರಿಸಿಟ್ಟ ಬೀಟ್‌ರೂಟಿನಂತೆ ಕಾಣುತ್ತಿತ್ತು. ಅವಳ ಮ್ಯಾನೇಜರ್ ಬಹಳ ನಾಜೂಕಾಗಿ, ಸಂಜೆ ಯಾವುದಾದರೂ ನೈಟ್‌ಕ್ಲಬ್ಬಿನಲ್ಲಿ ಇನ್ನೊಂದು ಕೆಲಸಕ್ಕೆ ಹೋಗುತ್ತಿದ್ದೀಯಾ ಎಂದು ಕೇಳಿದ.

ಡಿಸೆಂಬರಿನಲ್ಲಿ ಹೂವಾಯಿತು. ಬಿಳಿ ಹೂವು, ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಮುದುಡುವಂಥದ್ದು. ಪ್ರತಿ ಹೂವಿನ ಬುಡದಲ್ಲೂ ಬೆರಳ ತುದಿಯಷ್ಟು ಪುಟ್ಟ ಕಾಯಿ. ಶಿವಪ್ರಸಾದ ಕುಣಿದಾಡಿದ. ಆದರೆ ಆ ಕಾಯಿಗಳೆಲ್ಲ ಹಳದಿಯಾಗಿ ಒಂದೊಂದೇ ಉದುರಿದವು. ಓದಿ ನೋಡಿದಾಗ ವಿಷಯ ತಿಳಿಯಿತು: ಸೋರೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹಗಲು ಗಿಡ್ಡವಾದರೆ ಬಳ್ಳಿಗೆ ಹೆಣ್ಣು ಹೂವೇ ಹೆಚ್ಚು. ಅವನ ಬಳ್ಳಿಯಲ್ಲಂತೂ ಬರೀ ಹೆಣ್ಣು. ಒಂದೇ ಒಂದು ಗಂಡು ಹೂವಿದ್ದರೂ ಬ್ರಷ್ ತೆಗೆದುಕೊಂಡು ತಾನೇ ದುಂಬಿಯಾಗಲು ಅವನು ಸಿದ್ಧನಿದ್ದ.

ಅಲ್ಲಿಯ ಕನ್ನಡಿಗರಲ್ಲಿ ಕೈತೋಟದವರದೊಂದು ವಾಟ್ಸ್ಯಾಪ್ ಗುಂಪಿದೆ. ಶಿವಪ್ರಸಾದ ಆಫೀಸಿಗೆ ಹೋಗುವ ಟ್ರಾಮಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬ ಹಿಡಿದು ಬರೆದ: "ಜೂಟರ್‌ಮೀರ್‌ನಲ್ಲಿ ಹೆಣ್ಣು ರೆಡಿ ಇದೆ. ಗಂಡು ತುರ್ತಾಗಿ ಬೇಕು. ಯಾರ ಮನೆಯಲ್ಲಾದರೂ ಇದ್ದರೆ ಫೋನ್ ಮಾಡಿ. ಒಂದು ಸಂಜೆ ಕಳಿಸಿದರೆ ಸಾಕು." ಟ್ರಾಮ್ ಕುಲುಕಿತೋ ಬೆರಳು ಜಾರಿತೋ, ಅದು ಹೋದದ್ದು ದೇಶದ ಕನ್ನಡಿಗರೆಲ್ಲ ಇರುವ ದೊಡ್ಡ ಗುಂಪಿಗೆ.

ಮಧ್ಯಾಹ್ನ ಗ್ರೋನಿಂಗನ್‌ನಿಂದ ಫೋನ್ ಬಂತು. ರಾಣೆಬೆನ್ನೂರಿನ ಕಾಶಮ್ಮ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಾಳಿಯಂತ್ರಗಳ ಮೇಲೆ ಸಂಶೋಧನೆ ಮಾಡುವ ಮಗ ಪೃಥ್ವಿಯ ಜತೆ ಚಳಿಗಾಲ ಕಳೆಯಲು ಬಂದವರು.

"ಹೆಣ್ಣು ನಿಮ್ಮನ್ಯಾಗ ಐತೇನ್ರಿ?" ಎಂದರು ಕಾಶಮ್ಮ.

ಶಿವಪ್ರಸಾದನ ದನಿ ಅರಳಿತು. "ಹೌದ್ರಿ. ಸಣ್ಣದಿದ್ದಾಗಿಂದ ನಾನ ಬೆಳೆಸೀನ್ರಿ. ಹೊರಗ ಥಂಡಿಗೆ ಸಾಯಾಕ ಹತ್ತಿತ್ತು, ಒಳಗ ತಂದು ಇಟ್ಕೊಂಡೀನಿ."

"ಅಯ್ಯ, ಪಾಪ! ದೊಡ್ಡ ಮನಸು ನಿಮ್ದು. ಎತ್ತರ ಎಷ್ಟೈತ್ರಿ?"

"ಮ್ಯಾಲಿನ ಛತ್ತ ಮುಟ್ಟೈತ್ರಿ."

"ಹಂಗಾರ ಜೋಡಿ ಆಗತೈತಿ ಬಿಡ್ರಿ. ನಮ್ಮದೂ ಆರಡಿ. ಆರೋಗ್ಯ ಹೆಂಗ್ರಿ?"

"ಈಗ ಚಲೋ ಐತ್ರಿ. ನಡುವ ಮೈತುಂಬ ಹೇನಾಗಿದ್ದು. ಬೇವಿನೆಣ್ಣಿ ಹೊಡದು ತೊಳದೀನಿ."

"ತಾಯಿ ಇಲ್ಲದ ಕೂಸು ಕಾಣಸ್ತೈತಿ," ಎಂದು ಲೊಚಗುಟ್ಟಿದರು ಕಾಶಮ್ಮ. "ಶನಿವಾರ ಬರ್ತೀವ್ರಿ."

"ಹೊತ್ತು ಮುಳುಗೂದ್ರಾಗ ಬರ್ರಿ. ಸಂಜಿಗೆ ಅರಳಿರತೈತಿ, ಮುಂಜಾನಿಗೆ ಮುಖ ಬಾಡತೈತಿ," ಎಂದು ಶಿವಪ್ರಸಾದ ಎಚ್ಚರಿಸಿ ಫೋನಿಟ್ಟ. ಆರಡಿಯ ಬಳ್ಳಿಯನ್ನು ಇವರು ರೈಲಿನಲ್ಲಿ ಹೇಗೆ ತರುತ್ತಾರೋ ಎಂಬ ಚಿಂತೆ ಆಮೇಲೆ ಹತ್ತಿತು. ಹೂವಷ್ಟೇ ತರಬಹುದು ಎಂದು ಸಮಾಧಾನ ಮಾಡಿಕೊಂಡ.

ಶನಿವಾರ ಹಿಮ ಸುರಿಯಿತು. ಮಧ್ಯಾಹ್ನಕ್ಕೆ ಬೀದಿ, ಸೈಕಲ್ಲು, ಬೇಲಿ ಎಲ್ಲ ಬಿಳಿ. ಬೆಳಕು ಇಳಿಯುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ದಪ್ಪ ಜಾಕೆಟ್ಟಿನ ಕೆಳಗೆ ಇಳಕಲ್ ಸೀರೆ, ಅದರ ಕೆಳಗೆ ಮಗನ ಬೂಟು. ಕೈಯಲ್ಲಿ ಹಣ್ಣಿನ ತಟ್ಟೆ, ಕುಂಕುಮ, ಕರದಂಟಿನ ಡಬ್ಬಿ ಹಿಡಿದು ಕಾಶಮ್ಮ ನಿಂತಿದ್ದರು. ಹಿಂದೆ ಕೋಟು ಹಾಕಿಕೊಂಡು, ಶಾಲೆಯಲ್ಲಿ ಬೈಸಿಕೊಂಡು ಬಂದವನಂತೆ ಪೃಥ್ವಿ.

ಶಿವಪ್ರಸಾದ ಅವರ ಕೈಗಳನ್ನೇ ನೋಡಿದ. "ಗಂಡು ಎಲ್ರಿ?"

"ಇಲ್ಲೇ ನಿಂತಾನಲ್ರಿ."

ಅವನು ಪೃಥ್ವಿಯ ಬೆನ್ನ ಹಿಂದೆ ಇಣುಕಿದ. "ಚೀಲದಾಗ ಇಟ್ಟೀರೇನು? ಉಸಿರಾಡಾಕ ತೂತು ಬಿಟ್ಟೀರಿಲ್ಲೋ?"

ಮೊದಲು ಅರ್ಥವಾದದ್ದು ವೈಷ್ಣವಿಗೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಬಾಯಿಗೆ ಸೆರಗಿಲ್ಲದ್ದರಿಂದ ಸ್ವೆಟರಿನ ತೋಳು ತುರುಕಿಕೊಂಡಳು. ನಗು ಹಿಡಿತಕ್ಕೆ ಬಂದ ಮೇಲೆ ಅವಳೇ ವಿಷಯ ಬಿಡಿಸಿ ಹೇಳಿದಳು. ಪೃಥ್ವಿಯ ಮುಖದಲ್ಲಿ ಆ ದಿನದ ಮೊದಲ ಬೆಳಕು ಮೂಡಿತು. "ಸೋ, ಹುಡುಗಿ ಅಂದ್ರೆ ವೆಜಿಟೇಬಲ್ಲಾ? ಅಮ್ಮಾ, ಐ ಆಮ್ ಓಕೆ ವಿತ್ ದಿಸ್," ಎಂದ.

ಶಿವಪ್ರಸಾದನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಕಾಶಮ್ಮ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಹಣ್ಣಿನ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಆ ತುದಿಯಿಂದ ಈ ತುದೀತನಕ ಬಂದೀನಿ. ಹೆಣ್ಣು ನೋಡಾಕ ಬಂದಾಕಿ ನೋಡೇ ಹೋಗ್ತೀನಿ. ಎಲ್ಲೈತಿ, ತೋರಸ್ರಿ."

ಎಲ್ಲರೂ ಅಟ್ಟ ಹತ್ತಿದರು. ನೇರಳೆ ಬೆಳಕಿನಲ್ಲಿ ಚಾವಣಿ ತುಂಬ ಹರಡಿದ ಬಳ್ಳಿ, ನಡುವೆ ಅವತ್ತೇ ಅರಳಿದ ಒಂದು ಹೂವು. ಕಾಶಮ್ಮ ಕತ್ತೆತ್ತಿ ಬಹಳ ಹೊತ್ತು ನೋಡಿದರು. ಎಲೆ ಮುಟ್ಟಿದರು. ಬಾನಿಗೆ ಕುಂಕುಮ ಹಚ್ಚಿ, ಮುಂದೆ ಹಣ್ಣಿಟ್ಟರು. "ಲಕ್ಷಣ ಐತಿ. ಒಪ್ಪಿಗಿ ಐತಿ," ಎಂದರು. ಯಾರು ಯಾರನ್ನು ಒಪ್ಪಿದಂತಾಯಿತು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಪೃಥ್ವಿ ಫೋನ್ ನೋಡಿ, ಹಿಮಕ್ಕೆ ಉತ್ತರದ ರೈಲುಗಳೆಲ್ಲ ನಿಂತಿವೆ ಎಂದ. ವೈಷ್ಣವಿ ಅಕ್ಕಿ ತೊಳೆಯಲು ಇಳಿದಳು.

ಕುಕ್ಕರ್ ಕೂಗುವ ಮೊದಲೇ ಮತ್ತೆ ಗಂಟೆ ಸದ್ದಾಯಿತು. ಈ ಸಲ ಪೊಲೀಸರು. ಎತ್ತರದ ಒಬ್ಬ ಹೆಂಗಸು, ಹೆಸರು ಫೆಮ್ಕೆ ಎಂದಳು. ಜತೆಗೊಬ್ಬ ಎಳೆಯ ಪೇದೆ.

"ಮೆನೇರ್," ಎಂದು ಡಚ್ಚರ ಮರ್ಯಾದೆಯಲ್ಲಿ ಶುರು ಮಾಡಿದಳು ಫೆಮ್ಕೆ, "ನಿಮ್ಮ ಸಾಲಿನ ಎಲ್ಲ ಮನೆಗಳ ಮಾಡಿನ ಮೇಲೂ ಹಿಮ ಇದೆ, ನಿಮ್ಮದರ ಮೇಲೆ ಒಂದು ಚೂರೂ ಇಲ್ಲ. ಅಟ್ಟದ ಕಿಟಕಿಯಲ್ಲಿ ನೇರಳೆ ಬೆಳಕು. ಮೇಲೆ ಏನು ಬೆಳೆಯುತ್ತಿದ್ದೀರಿ?"

ಅಟ್ಟದಲ್ಲಿ ಗಾಂಜಾ ಬೆಳೆಯುವವರ ಮನೆಯ ಮಾಡು ಹೀಗೇ ಬೆಚ್ಚಗಿದ್ದು ಹಿಮ ಕರಗಿಸುತ್ತದೆ ಎಂದು ಆ ದೇಶದಲ್ಲಿ ಎಲ್ಲರಿಗೂ ಗೊತ್ತು. ಶಿವಪ್ರಸಾದ ಗಾಬರಿಬಿದ್ದ. "ಹೆಣ್ಣು," ಎಂದ ಇಂಗ್ಲಿಷಿನಲ್ಲಿ. "ಬರೀ ಹೆಣ್ಣು. ಗಂಡು ಒಂದೂ ಇಲ್ಲ." ಗಾಂಜಾ ಬೆಳೆಯುವವರಿಗೆ ಬೇಕಾದದ್ದೂ ಹೆಣ್ಣು ಗಿಡವೇ. ಪೇದೆಯ ಕೈ ಸೊಂಟದ ಕೈಕೋಳಕ್ಕೆ ಹೋಯಿತು.

ಫೆಮ್ಕೆ ಅಟ್ಟ ಹತ್ತಿ ಬಂದವಳು ಬಾಗಿಲಲ್ಲೇ ನಿಂತಳು. ಕುಂಕುಮ ಹಚ್ಚಿದ ಗಾರೆಬಾನಿ, ತಟ್ಟೆ ತುಂಬ ಹಣ್ಣು, ರೇಷ್ಮೆಯುಟ್ಟ ಹೆಂಗಸು, ಕೋಟು ಹಾಕಿದ ಹುಡುಗ. ಅವಳು ಹೂವನ್ನು ನೋಡಿದಳು, ಎಲೆಯನ್ನು ನೋಡಿದಳು, ಆಮೇಲೆ ನಿಟ್ಟುಸಿರಿಟ್ಟಳು.

"ಇನ್ನೊಂದು!" ಎಂದಳು.

ಕತೆ ಹೊರಬಿತ್ತು. ಹಿಂದಿನ ವಾರ ಪಕ್ಕದೂರಿನಲ್ಲಿ ಇಂಥದೇ ನೇರಳೆ ಕಿಟಕಿ ಕಂಡು ಒಂದು ಗಿಡ ಜಪ್ತಿ ಮಾಡಿ ತಂದಿದ್ದರು. ಎಲೆ ಗಾಂಜಾವನ್ನು ಹೋಲುವುದಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಅದು ಏನು ಎಂದು ಪರಿಣತರು ಬರೆದುಕೊಡುವ ತನಕ ಬಿಡುವಂತಿರಲಿಲ್ಲ. ಸಾಕ್ಷ್ಯ ಸತ್ತರೆ ತೊಂದರೆ ಎಂದು ಠಾಣೆಯಲ್ಲೇ ಅದಕ್ಕೊಂದು ದೀಪ ಹಾಕಿದ್ದರು. ಅದೂ ದಿನಾ ಸಂಜೆ ಬಿಳಿ ಹೂವು ಬಿಡುತ್ತಿತ್ತು. "ಆದರೆ ಬುಡದಲ್ಲಿ ಈ ಪುಟ್ಟ ಕಾಯಿ ಇರಲ್ಲ. ಬರೀ ಉದ್ದ ತೊಟ್ಟು," ಎಂದಳು ಫೆಮ್ಕೆ.

ಶಿವಪ್ರಸಾದ ಅವಳ ಕೈ ಹಿಡಿದುಬಿಟ್ಟ. "ಗಂಡು! ಅದು ಗಂಡು!"

ಪೃಥ್ವಿ ಅಮ್ಮನಿಗೆ ತಿಳಿಸಿ ಹೇಳಿದ. ಕಾಶಮ್ಮ ಹುಬ್ಬು ಗಂಟಿಕ್ಕಿದರು. "ಗಂಡು ಠಾಣ್ಯಾಗ ಅದಾನ? ಏನ್ ತಪ್ಪು ಮಾಡ್ಯಾನಂತ?"

"ಏನೂ ಮಾಡಿಲ್ಲ ಅಮ್ಮಾ. ಬೇರೆ ಯಾರೋ ಅನ್ಕೊಂಡು ಹಿಡ್ಕೊಂಡ್ ಬಂದಿದಾರೆ."

"ಹಂಗಾರ ಅಡ್ಡಿಯಿಲ್ಲ. ಕರಸ್ರಿ."

ಜಪ್ತಿಯಾದ ವಸ್ತುವನ್ನು ಹೊರಗೆ ಕೊಡುವಂತಿಲ್ಲ ಎಂದಳು ಫೆಮ್ಕೆ. ಶಿವಪ್ರಸಾದನ ಮುಖ ನೋಡಿದಳು. ಬಳ್ಳಿಯ ಆ ಒಂದು ಹೂವನ್ನು ನೋಡಿದಳು. ಕಿಟಕಿಯ ಹತ್ತಿರ ಹೋಗಿ ಹೊರಗಿನ ಹಿಮ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅವಳ ಮುಖಕ್ಕೆ ಕಾನೂನಿನ ಗಾಂಭೀರ್ಯ ಬಂತು. "ಆದರೆ ಕೆಳಗೆ ಬಿದ್ದ ಹೂವು ಸಾಕ್ಷ್ಯವಲ್ಲ. ಅದು ಕಸ. ಕಸ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ." ಪೇದೆಯ ಕಡೆ ತಿರುಗಿ, "ಹೋಗಿ ನೋಡು, ಒಂದು ಬಿದ್ದಿರಬಹುದು. ಬಿದ್ದಿಲ್ಲದಿದ್ದರೆ ಗಿಡದ ಹತ್ತಿರ ಸ್ವಲ್ಪ ಜೋರಾಗಿ ಸೀನು," ಎಂದಳು.

ಪೇದೆ ಹಿಮದಲ್ಲಿ ಕಾರು ಓಡಿಸಿಕೊಂಡು ಹೋಗಿ ಬಂದ. ಗಂಡು ಬಂದದ್ದು ನೀಲಿ ದೀಪ ಮಿನುಗಿಸುವ ಕಾರಿನಲ್ಲಿ, ಸಾಕ್ಷ್ಯ ಹಾಕುವ ಪ್ಲಾಸ್ಟಿಕ್ ಚೀಲದೊಳಗೆ. ಅಕ್ಕಪಕ್ಕದ ಮನೆಗಳ ಪರದೆಗಳೆಲ್ಲ ಸರಿದವು. ಶಿವಪ್ರಸಾದ ಬ್ರಷ್ ಹಿಡಿದ. ಯಾವ ಹೂವಿನಿಂದ ಯಾವ ಹೂವಿಗೆ ಎಂದು ಗೊಣಗುತ್ತ ಕುರ್ಚಿಯ ಸುತ್ತ ತಿರುಗಿದ. ವೈಷ್ಣವಿ ಅವನನ್ನು ಪಕ್ಕಕ್ಕೆ ಸರಿಸಿದಳು. "ಬಿಡಿ ಇಲ್ಲಿ. ಇದಕ್ಕೋಸ್ಕರ ಎರಡು ತಿಂಗಳು ಬೀಟ್‌ರೂಟ್ ಆಗಿದೀನಿ, ನಾನೇ ಮಾಡ್ತೀನಿ." ಕುರ್ಚಿ ಹತ್ತಿ ನಿಂತು, ಗಂಡು ಹೂವಿನ ದಳ ಹಿಂದಕ್ಕೆ ಮಡಚಿ, ಹೆಣ್ಣು ಹೂವಿಗೆ ಮೆತ್ತಗೆ ಒತ್ತಿದಳು. ಕಾಶಮ್ಮ ಅಕ್ಷತೆ ಎಸೆದರು. ಪೇದೆ ಗಡಿಬಿಡಿಯಿಂದ ಟೋಪಿ ತೆಗೆದ, ಅದರಲ್ಲೂ ಒಂದಿಷ್ಟು ಅಕ್ಕಿ ಬಿತ್ತು. ಎಲ್ಲರೂ ಕೆಳಗಿಳಿದು ಅನ್ನ, ಸಾರು, ಕರದಂಟು ತಿಂದರು.

ಆ ಕಾಯಿ ಉದುರಲಿಲ್ಲ.

ಕಿರುಬೆರಳಿನಷ್ಟಿದ್ದದ್ದು ಹೆಬ್ಬೆರಳಾಯಿತು, ಮೊಣಕೈಯಾಯಿತು. ಭಾರಕ್ಕೆ ಬಳ್ಳಿ ಹರಿದೀತೆಂದು ವೈಷ್ಣವಿ ತನ್ನ ದುಪಟ್ಟಾದಿಂದ ಜೋಲಿ ಕಟ್ಟಿದಳು. ಕಾಶಮ್ಮ ದಿನಾ ವಿಡಿಯೋ ಕಾಲ್ ಮಾಡಿ ಜೋಲಿಯೊಳಗೆ ಇಣುಕುವರು, ದೃಷ್ಟಿಗೆಂದು ಕಾಡಿಗೆಯ ಬೊಟ್ಟು ಇಡಿಸುವರು. ಜನವರಿಯಲ್ಲಿ ಠಾಣೆಯಿಂದ ಬಿಡುಗಡೆಯಾದ ಬಳ್ಳಿಯ ಯಜಮಾನನೂ ವಿಳಾಸ ಹುಡುಕಿಕೊಂಡು ಬಂದ. ಬೆಂಗಳೂರಿನ ನಾರಾಯಣಸ್ವಾಮಿ, ತೂಕದ ಮನುಷ್ಯ. ಶೂ ಬಿಚ್ಚುತ್ತಲೇ, "ನೋಡಿ ಸರ್, ನಾನು ಗಂಡಿನ ಕಡೆಯವನು. ಕಾಯಲ್ಲಿ ಫಿಫ್ಟಿ ಪರ್ಸೆಂಟ್ ನಮ್ದೂ ಇರುತ್ತೆ," ಎಂದ. ಶಿವಪ್ರಸಾದ ಅವನನ್ನು ಬೀಗರೆಂದೇ ಒಳಗೆ ಕರೆದು ಕಾಫಿ ಕೊಟ್ಟ.

ಕಾಯಿ ಎಳಸು ಮೀರುವ ಮುಂಚೆ ಕೊಯ್ಯಬೇಕಿತ್ತು. ಒಂದು ಭಾನುವಾರ ಎಲ್ಲರೂ ಸೇರಿದರು. ನಾರಾಯಣಸ್ವಾಮಿ ಅಳೆಯುವ ಟೇಪು ತಂದ. ರಜೆಯಲ್ಲಿದ್ದ ಫೆಮ್ಕೆ ಸೇಬಿನ ಕೇಕು ತಂದಳು. ವೈಷ್ಣವಿ ಒಗ್ಗರಣೆಗೆ ಎಲ್ಲ ಹೊಂದಿಸಿಟ್ಟಳು. ಶಿವಪ್ರಸಾದ ಚಾಕು ಹಿಡಿದು ಕುರ್ಚಿ ಹತ್ತಿದ.

"ಇಳೀರಿ ಕೆಳಗ!" ಎಂದರು ಕಾಶಮ್ಮ. "ಚೊಚ್ಚಿಲ ಕೂಸಿಗೆ ಚಾಕು ಹಾಕ್ತೀರಿ?"

"ಅಮ್ಮಾ, ಅದು ಸೋರೇಕಾಯಿ," ಎಂದ ಪೃಥ್ವಿ.

"ಅಕ್ಕಿ ಹಾಕಿದಾಕಿ ನಾನು. ನನಗ ಹೇಳಬ್ಯಾಡ."

ನಾರಾಯಣಸ್ವಾಮಿ ಉದ್ದಕ್ಕೆ ಕೊಯ್ಯಬೇಕೋ ಅಡ್ಡಕ್ಕೋ ಎಂದು ವಾದ ತೆಗೆದ. ತೊಟ್ಟಿನ ಕಡೆಯದು ಅವನಿಗೆ ಬೇಡವಂತೆ. ಫೆಮ್ಕೆ ಎಲ್ಲರನ್ನೂ ಕೂರಿಸಿ, ತಮ್ಮ ದೇಶದಲ್ಲಿ ಪ್ರತಿಯೊಬ್ಬರೂ ಒಪ್ಪುವ ತನಕ ಮಾತಾಡುತ್ತಾರೆ, ಆಮೇಲೆ ಮುಂದಿನ ಹೆಜ್ಜೆ ಇಡುತ್ತಾರೆ ಎಂದಳು. ಮಾತಾಡಿದರು. ಕೇಕು ಮುಗಿಯಿತು. ಕಾಫಿ ಎರಡು ಸುತ್ತು ಆಯಿತು. ಹೊರಗೆ ಕತ್ತಲಾದಾಗ ಹಸಿವು ತಾಳದೆ ಪೃಥ್ವಿ ಹೋಗಿ ಫ್ರೀಟ್ ಎಂಬ ಕರಿದ ಆಲೂಗಡ್ಡೆಯ ತುಂಡುಗಳನ್ನು ತಂದ. ಎಲ್ಲರೂ ಕಾಗದದ ಪೊಟ್ಟಣಕ್ಕೆ ಕೈ ಹಾಕಿ, ಮೇಯೊನೀಸಿನಲ್ಲಿ ಅದ್ದಿಕೊಂಡು ತಿನ್ನುತ್ತ ಸೋರೆಕಾಯಿಯ ಬಗ್ಗೆಯೇ ವಾದಿಸಿದರು. ಕೊನೆಗೆ, ಮುಂದಿನ ತಿಂಗಳು ಮತ್ತೆ ಸೇರುವುದು ಎಂಬುದೊಂದನ್ನೇ ಎಲ್ಲರೂ ಒಪ್ಪಿದರು.

ಅವರು ಹೋದ ಮೇಲೆ ಗಂಡ ಹೆಂಡತಿ ಅಟ್ಟದಲ್ಲಿ ಉಳಿದರು. ವೈಷ್ಣವಿ ಬಳ್ಳಿಯ ಕುಡಿ ಬಿಡಿಸಿ ತನ್ನ ಕುರ್ಚಿಯಲ್ಲಿ ಕೂತಳು.

"ರೀ, ಒಂದ್ ಮಾತು ಕೇಳ್ತೀನಿ. ನಮ್ಮಮ್ಮ ಮೈಸೂರಲ್ಲಿ ಎರಡ್ ಸಲ ಸೋರೇಕಾಯಿ ಪಲ್ಯ ಮಾಡಿದ್ರು. ಎರಡೂ ಸಲ ನೀವು ತಟ್ಟೆ ಅಂಚಿಗೆ ತಳ್ಳಿದ್ರಿ. ನಿಮಗೆ ಅದು ಇಷ್ಟಾನೇ ಇಲ್ಲ, ಅಲ್ವಾ?"

ಶಿವಪ್ರಸಾದ ಯೋಚಿಸಿದ. ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲ.

"ಹೌದ," ಎಂದ. "ಬರೀ ನೀರು ನೀರು. ರುಚಿನ ಇಲ್ಲ ಅದಕ್ಕ."

ವೈಷ್ಣವಿ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಅವನು ಕುರ್ಚಿಯೊಂದನ್ನು ಎಳೆದುಕೊಂಡು ಹತ್ತಿ, ಕಾಯಿಗೆ ಬಿಗಿಯಾಗುತ್ತಿದ್ದ ದುಪಟ್ಟಾದ ಗಂಟನ್ನು ಒಂದು ಬೆರಳಿನಷ್ಟು ಸಡಿಲಿಸಿದ.