ಸಾವಕಾರರು ಕುಡಿದ ನೀರು

“ಏ ರಂಡಿ, ದೂರ ನಿಂದ್ರ. ಕೊಡಕ್ಕ ಕೈ ಹತ್ತೀತು.”

ರಾಯಾಪುರದ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಮಗೆ ಮಧ್ಯಾಹ್ನದ ನೀರು ಸಿಗುತ್ತಿದ್ದುದೇ ಹೀಗೆ. ನಮ್ಮ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಯಮನಪ್ಪ ಎತ್ತರದಿಂದ ಹೊಯ್ಯಬೇಕು, ಹತ್ತಿ ಹಸನು ಮಾಡುವ ನಮ್ಮ ಕೇರಿಯ ಹೆಂಗಸರು ಬೊಗಸೆಯೊಡ್ಡಿ ಕುಡಿಯಬೇಕು. ಅರ್ಧ ಗಂಟಲಿಗೆ, ಅರ್ಧ ಕುಪ್ಪಸಕ್ಕೆ. ಹತ್ತಿಗೆ ಮಾತ್ರ ನಮ್ಮ ಕೈಯ ಮೈಲಿಗೆ ತಾಗುತ್ತಿರಲಿಲ್ಲ. ಬಲು ಜಾಣ ಹತ್ತಿ ಅದು.

ಅವತ್ತು ನಮ್ಮ ಗುಂಪಿನ ಗುಡ್ಡವ್ವ ಬೊಗಸೆಯೊಡ್ಡಲಿಲ್ಲ. ಫ್ಯಾಕ್ಟರಿಯ ಮಾಲಕ ಸಾವಕಾರ ಗುರುಶಿದ್ದಪ್ಪನವರು ಅಲ್ಲೇ ಇದ್ದರು.

“ಫೋಟೋ ತಗಸೂಮುಂದ ಇದ ಕೊಡದಾಗಿನ ನೀರು ನಮ್ಮ ಜೋಡಿ ನೀವೂ ಕುಡದಿದ್ರಲ್ರಿ, ಸಾವಕಾರ್ರ?”

“ಯಾವ ಫೋಟೋಬೇ? ಕನಸ ಬಿದ್ದಿರಬೇಕ ನಿನಗ.”

ಕನಸಲ್ಲ. ಪರದೇಶದ ಗಿರಾಕಿಗಳನ್ನು ಒಲಿಸಲು ಎರಡು ಸಾವಿರದ ಮೂರರಲ್ಲಿ ಸಾವಕಾರರು ಇಂಟರ್‌ನೆಟ್ಟಿನಲ್ಲಿ ಫ್ಯಾಕ್ಟರಿಯ ಪುಟ ಮಾಡಿಸಿದ್ದರು. ಅದಕ್ಕೆಂದೇ ನಮ್ಮ ನಡುವೆ ನಿಂತು ಲೋಟ ಎತ್ತಿದ್ದರು. ಗಿರಾಕಿಗಳು ಒಲಿದರು. ಆದರೆ ಮಗನಿಗೆ ಹೆಣ್ಣು ಕೊಡಲಿದ್ದ ಬೀಗರೂ ಆ ಪುಟ ನೋಡಿಬಿಟ್ಟರು. ಫೋಟೋ ಮಾಯವಾಯಿತು, ಲಗ್ನವಾಯಿತು, ನಮಗೆ ಬೊಗಸೆ ಉಳಿಯಿತು.

ದೇಶಪಾಂಡೆ ನಗರದ ಕಮರುದ್ದೀನನ ಇಂಟರ್‌ನೆಟ್ ಅಂಗಡಿಯ ಕಸ ಗುಡಿಸುವವಳೂ ಗುಡ್ಡವ್ವನೇ. ರವಿವಾರ ನನ್ನನ್ನೂ ನಮ್ಮ ಜೊತೆ ದುಡಿಯುವ ಶೇವಂತೆವ್ವನನ್ನೂ ಅಲ್ಲಿಗೆ ಎಳೆದೊಯ್ದಳು.

“ಅಳಸ್ಯಾರಬೇ,” ಎಂದ ಕಮರುದ್ದೀನ. “ಆದ್ರ ಹಳೇ ಪುಟಾ ಕಾದಿಡೂ ಜಾಗಾ ಒಂದೈತಿ. ಮಾಲಕ ಇಲ್ಲಿ ಅಳಸಿದ್ರೂ ಅಲ್ಲಿ ಉಳದಿರತೈತಿ. ಇಸ್ವಿ ಹೇಳು.”

ಗುಡ್ಡವ್ವ ಹೇಳಿದಳು. ಫೋಟೋ ನಿಧಾನವಾಗಿ ಮೇಲಿನಿಂದ ಇಳಿಯಿತು. ಮೊದಲು ಸಾವಕಾರರ ಟೊಪ್ಪಿಗೆ, ಆಮೇಲೆ ಮೀಸೆ, ಕಡೆಗೆ ತುಟಿಗಿಟ್ಟ ಲೋಟ. ಶೇವಂತೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

“ಖರೇನ ಕುಡದಾನಲ್ಲಬೇ ಮುದುಕ.”

ನನಗೆ ನಗುವಿನ ಜೊತೆಗೇ ಸಿಟ್ಟು ಬಂತು. ಕುಡಿದು ಸತ್ತಿರಲಿಲ್ಲವಲ್ಲ ಮಹಾರಾಯ.

ಸೋಮವಾರ ಗುಡ್ಡವ್ವ ಆ ಫೋಟೋದ ಪ್ರಿಂಟಿಗೆ ಅನ್ನದ ಅಗುಳು ತಿಕ್ಕಿ ಕೊಡದ ಹಿಂದಿನ ಗೋಡೆಗೆ ಅಂಟಿಸಿದಳು. ಯಮನಪ್ಪ ಓಡಿ ಬರುವಷ್ಟರಲ್ಲಿ ಕೊಡದಲ್ಲಿ ಲೋಟ ಅದ್ದಿ ಗಟಗಟ ಕುಡಿದಳು. ಮತ್ತೆ ತುಂಬಿ, ಗದ್ದಲ ಕೇಳಿ ಬಂದ ಸಾವಕಾರರ ಮುಂದೆ ಚಾಚಿದಳು.

“ತಗೋರಿ. ಅವತ್ತ ಅರ್ಧಾ ಬಿಟ್ಟಿದ್ರಿ.”

“ನಾಳಿಂದ ಒಬ್ಬಾಕಿಗೂ ಕೆಲಸಿಲ್ಲ,” ಸಾವಕಾರರು ಗುಡುಗಿದರು.

“ಆತ್ರಿ. ಇವತ್ತ ನೀರಡಸೇತಿ.”

ಮನೆಯಲ್ಲಿ ಉಣ್ಣುವ ಬಾಯಿಗಳು ನೆನಪಾದವು. ಆದರೂ ಸಾವಕಾರರು ಮುಟ್ಟದ ಲೋಟವನ್ನು ಇಸಿದುಕೊಂಡು ಕುಡಿದೆ. ನನ್ನ ಹಿಂದೆ ಶೇವಂತೆವ್ವ ನಿಂತಳು, ಅವಳ ಹಿಂದೆ ಉಳಿದವರು.

ಕೊಡ ಬರಿದಾಯಿತು. ಗುಡ್ಡವ್ವ ಅದನ್ನೆತ್ತಿ ಯಮನಪ್ಪನ ಕೈಗಿಟ್ಟಳು.

“ತುಂಬಕೊಂಡ ಬಾ.”